ವನಜಾಳ ಹೆಸರಿನ ಲೈಸೆನ್ಸು

"ನಿಲ್ಸಿ, ನಿಲ್ಸಿ! ಆ ಹುಡುಗಿ ಹೆಸರು ಮುಟ್ಬ್ಯಾಡ್ರೀ!"

ತಿಪಟೂರಿನ ಆ ಕಲ್ಯಾಣಮಂಟಪವೆಲ್ಲ ಕೇಳುವಂತೆ ಕೂಗುತ್ತ ಕೊಬ್ಬರಿ ಮಂಡಿ ಸಾಹುಕಾರ ಸದಾಶಿವಯ್ಯನವರು ವೇದಿಕೆ ಹತ್ತಿದಾಗ, ಅವರ ಮಂಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ವನಜಾಳ ಕೊರಳಿಗೆ ಆಗಷ್ಟೇ ತಾಳಿ ಬಿದ್ದಿತ್ತು. ಅತ್ತೆ ಸುವರ್ಣಮ್ಮ ತಟ್ಟೆಯಲ್ಲಿ ಅಕ್ಕಿ ಹರವಿ, ಸೊಸೆಯ ಹೊಸ ಹೆಸರು ಬರೆಯಲು ಬೆರಳು ಚಾಚಿದ್ದರು. ಹಿರಿಸೊಸೆಗೆ ಗಂಡನ ಅಜ್ಜಿಯ ಹೆಸರಿಡುವುದು ಆ ಮನೆಯ ಪದ್ಧತಿ. ವನಜಾಳ ಪಾಲಿಗೆ ಬಂದದ್ದು ಸಿದ್ದಗಂಗಮ್ಮ. ಶಿವನ ಪಾದ ಸೇರಿದ ಅಜ್ಜಿಯ ಮೇಲೆ ಅವಳಿಗೇನು ಸಿಟ್ಟು? ಆದರೆ ತನ್ನ ಹೆಸರು ತನ್ನದಲ್ಲವೇ! ವಾರದಿಂದ ಬಚ್ಚಲಲ್ಲಿ ಕದ್ದು ಕದ್ದು ಅತ್ತಿದ್ದಳು. "ಹೋದ ಮನೆಗೆ ಹೊಂದ್ಕೋಬೇಕು ಬುಡವ್ವ" ಎಂದು ಅಪ್ಪ ಕೈಚೆಲ್ಲಿದ್ದರು.

"ಯಾಕ್ರೀ ಸಾವ್ಕಾರ್ರೇ, ಏನಾಯ್ತು?" ಎಂದರು ಸುವರ್ಣಮ್ಮ, ಬೆರಳು ಹಾಗೇ ಹಿಡಿದುಕೊಂಡು.

"ಮಂಡಿ ಯವಾರವೆಲ್ಲ ಈಗ ಕಂಪ್ಯೂಟರ್‌ನಾಗೈತೆ ಕಣಮ್ಮ. ಆ ಡೇಟಾಬೇಸ್ ಕಂಪನಿಯೋರು ಎಲ್ಡು ಥರ ಲೈಸೆನ್ಸ್ ಮಾರ್ತಾರೆ. ಕಾಯಿ ಕೀಳ್ಸೋವಾಗ ಮರಕ್ಕಿಷ್ಟು ಅಂತ್ಲೋ, ಆಳಿಗಿಷ್ಟು ಅಂತ್ಲೋ ಮಾತಾಡಲ್ವಾ? ಹಂಗೇಯ. ಮಿಷನ್ ಲೆಕ್ಕದಾಗೆ ತಗೊಂಡ್ರೆ ಯಾರು ಬೇಕಾದ್ರೂ ಮುಟ್ಬೋದು, ಆದ್ರೆ ಬಲು ದುಬಾರಿ. ನಾನು ಆಳಿನ ಲೆಕ್ಕದಾಗೆ ತಗೊಂಡೆ. ಒಂದೇ ಆಳು, ಒಂದೇ ಹೆಸರು, ವನಜಾ! ಇವಳು ಸಿದ್ದಗಂಗಮ್ಮ ಆಗೋದ್ರೆ ಹರಾಜಿನ ದಿನ ನಾನು ಬಾಗ್ಲು ಹಾಕ್ಕಂಡು ಕೂರ್ಬೇಕಾಯ್ತದೆ!"

ಅಯ್ಯೋ ಶಿವನೇ! ಲೈಸೆನ್ಸು ಕೊಟ್ಟಿರುವುದು ಆಳಿಗೆ, ಅಕ್ಷರಕ್ಕಲ್ಲ. ಹೆಸರು ಬದಲಾಯಿತು ಎಂದು ಕಂಪನಿಗೆ ಒಂದು ಫೋನ್ ಮಾಡಿದರೆ ತಿದ್ದಿಕೊಡುತ್ತಾರೆ. ವನಜಾಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಹೇಳಲು ಬಾಯಿ ತೆರೆದವಳು ಅಕ್ಕಿಯ ತಟ್ಟೆ ನೋಡಿ ತುಟಿ ಕಚ್ಚಿಕೊಂಡಳು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಡುವೆ ಬಾಯಿ ಹಾಕಲು ಅವಳಿಗೇನು ಹುಚ್ಚೇ? ಹೊಟ್ಟೆಯಿಂದ ನಗು ಉಕ್ಕುಕ್ಕಿ ಬಂದು ಹಣೆಯ ಬಾಸಿಂಗ ಅಲ್ಲಾಡತೊಡಗಿತು. ಅಳುತ್ತಿದ್ದಾಳೆಂದುಕೊಂಡ ಸೋದರತ್ತೆ ಭೈರಮ್ಮ ಬೆನ್ನು ಸವರಿದರು. ಅದರಿಂದ ನಗು ಇನ್ನೂ ಜಾಸ್ತಿಯಾಯಿತು.

"ಮನೇಲೊಂದು, ಮಂಡೀಲೊಂದು ಹೆಸರು ಇಟ್ಕೊಂಡ್ರಾಯ್ತಪ್ಪ," ಎಂದ ಮದುಮಗ ಕೃಷ್ಣಕುಮಾರ್.

"ಎಲ್ಡು ಹೆಸ್ರಿಗೆ ಎಲ್ಡು ಲೈಸೆನ್ಸು ಕಣಪ್ಪ! ನೀನು ಕೊಡ್ಸ್ತೀಯಾ?"

ಮದುಮಗ ತಲೆ ಕೆರೆದುಕೊಂಡು ತಾಯಿಯ ಕಡೆ ತಿರುಗಿದ. "ವನಜಾ ಅಂತ್ಲೇ ಇರ್ಲಿ ಬುಡವ್ವ. ಅಜ್ಜಿ ಹೆಸರು ಹಿಡ್ದು ಹೆಂಡ್ತೀನ ಕರೆಯಾಕೆ ನಂಗೂ ಒಂಥರಾ ಆಯ್ತದೆ."

ಮಂಟಪವೆಲ್ಲ ಗೊಳ್ಳೆಂದಿತು. ಸುವರ್ಣಮ್ಮ ಅಕ್ಕಿಯ ಮೇಲೆ 'ವನಜಾ' ಎಂದು ಬರೆದೇಬಿಟ್ಟರು. ಸದಾಶಿವಯ್ಯನವರು ಗೆದ್ದ ಗತ್ತಿನಲ್ಲಿ ಹೆಗಲ ಟವೆಲ್ಲು ಕೊಡವಿ ಊಟದ ಪಂಕ್ತಿಯತ್ತ ನಡೆದರು. ಬಂದವರೆಲ್ಲ ಅವರ ಹಿಂದೆಯೇ ಹೊರಟರು. ವನಜಾಳಿಗೆ ಸೀರೆ ಎತ್ತಿಕಟ್ಟಿ ಅಲ್ಲೇ ಕುಣಿಯಬೇಕು ಎನಿಸುತ್ತಿತ್ತು.

ಸುವರ್ಣಮ್ಮ ಮಾತ್ರ ಏಳಲಿಲ್ಲ. ಅತ್ತಿತ್ತ ನೋಡಿ, ಸೊಸೆಯ ಕಿವಿಯ ಹತ್ತಿರ ಬಗ್ಗಿದರು.

"ಮದುವೆಗೆ ಮುಂಚೆ ನಾನು ಚಿತ್ತಮ್ಮ ಕಣವ್ವ. ಹಳೇ ಹೆಸ್ರಿಗೂ ಆ ಲೈಸೆನ್ಸು ಕೊಡ್ತಾರಾ, ಒಂದು ಮಾತು ಕೇಳ್ತೀಯಾ?"