ಮೈದುನನ ಸಮೇತ ಬ್ಯಾಕಪ್

ರಾಣೆಬೆನ್ನೂರಿನ ಬೀಜದಂಗಡಿಯ ಗಿರಿಜವ್ವನ ಸರ್ವರ್ ಸತ್ತಾಗ ಮೂರು ಲೋಕದ ಗಿರಾಕಿಗಳ ಹೆಸರೂ ಅದರೊಂದಿಗೆ ಹೋದವು. ಹೋದದ್ದನ್ನು ಮರಳಿ ತರುವ ಅಗ್ಗದ ಸಾಫ್ಟ್‌ವೇರ್ ಹೆಸರುಗಳನ್ನಷ್ಟೇ ತಂದರೂ ಅರ್ಧ ನುಂಗುತ್ತಿತ್ತು. ಡಿಸ್ಕ್ ಇಮೇಜಿನದು, ಅಂದರೆ ಇಡೀ ಪಡಿಯಚ್ಚು ತೆಗೆದಿಡುವ ದುಬಾರಿಯದು, ಎಂದಿನಂತೆ ಸರ್ವರ್ ಇದ್ದ ಕೋಣೆಯನ್ನೇ ಇದ್ದ ಹಾಗೆ ತರುತ್ತಿತ್ತು.

ಅದರ ಮಾರಾಟಗಾರ ಮೈಲಾರಪ್ಪ ಕಳೆದ ವಾರ ಅವಳ ಅಂಗಡಿಯಲ್ಲಿ ಪರೀಕ್ಷೆಗೆಂದು ತೆಗೆದಿಟ್ಟಿದ್ದ ಇಮೇಜನ್ನು ಮರಳಿ ತರುವ ಗುಂಡಿ ಒತ್ತಿದ. ಹೆಸರುಗಳೆಲ್ಲ ಬಂದವು. ಆಯುಧಪೂಜೆಗೆ ಸರ್ವರಿನ ಮುಂದೆ ಒಡೆದು, ಎತ್ತಬಾರದೆಂದು ಬಿಟ್ಟಿದ್ದ ಕುಂಬಳಕಾಯಿಯೂ ಬಂತು, ಆನೆ ಮೂರ್ಛೆ ಹೋಗುವಷ್ಟು ಕೊಳೆತು. ಪಕ್ಕದಲ್ಲೇ, ಮೊನ್ನೆ ಅವಳು ಹೊರದಬ್ಬಿದ್ದ ಮೈದುನ ಗೋಡೆಗೆ ಗುಟ್ಕಾ ಉಗುಳುತ್ತಿದ್ದ.

"ಆರಾಮೇನ್ರಿ ವೈನಿ?"

"ಥೂ! ಇಂವನ್ನ ಬಿಟ್ಟು ಉಳಿದದ್ದು ತರಾಕ ಬರಂಗಿಲ್ಲೇನ್ರಿ?"

"ಇಮೇಜ್ ಅಂದ್ರ ಇಡೀನ ರೀ ಅಕ್ಕಾರ. ಇಂವ ಹೋದ್ರ ಗಿರಾಕೀನೂ ಹೋಗ್ತಾರ."

ಗಿರಿಜವ್ವ ಹೆಸರುಗಳನ್ನು ನೋಡಿದಳು, ಮೂಗಿಗೆ ಸೆರಗು ಒತ್ತಿದಳು. ಸಾಫ್ಟ್‌ವೇರಿನ ಜೊತೆಗೊಂದು ಪೀಕದಾನಿಯನ್ನೂ ಕೊಂಡಳು.