ಓಟದ ಹಿಂದಿನ ದಿನದ ಪಾಯಸ

ಬಾಗಿಲು ತೆರೆದಾಗ ಮೇಲಿನ ಮನೆಯ ಮೊರಾಗ್ ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಶ್ರೀದೇವಿ, ಓಟದ ಹಿಂದಿನ ದಿನ ನೀನು ಕೊಟ್ಟ ಆ ಸಿಹಿಯಲ್ಲಿ ಏನೇನಿತ್ತು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಹೋದ ತಿಂಗಳು ನ್ಯೂರೆಂಬರ್ಗಿನ ಓಟದಲ್ಲಿ ಈ ಸ್ಕಾಟ್ಲೆಂಡಿನ ಹುಡುಗಿ ಮೂರನೆಯವಳಾಗಿದ್ದಳು. ಪ್ರತಿ ಸಲವೂ ನಾಲ್ಕನೆಯವಳಾಗಿ ಬಂದು ಬಂದು ಕೊನೆಗೆ ಸಿಕ್ಕ ಮೊದಲ ಪದಕ. ಮ್ಯಾನ್‌ಹೈಮಿಗೆ ಮರಳಿದವಳೇ ಅದನ್ನು ಶ್ರೀದೇವಿಯ ಕೊರಳಿಗೂ ಹಾಕಿ ಫೋಟೊ ತೆಗೆದಿದ್ದಳು.

"ಯಾಕೆ, ಹೊಟ್ಟೆ ಕೆಟ್ಟಿತಾ?"

"ಓಟ ಮುಗಿದ ಮೇಲೆ ಮೂತ್ರ ಪರೀಕ್ಷೆ ಮಾಡಿದ್ದರು. ಅದರಲ್ಲಿ ಮಾರ್ಫಿನ್ ಸಿಕ್ಕಿದೆಯಂತೆ. ಮಾರ್ಫಿನ್! ನಾನು ತಲೆನೋವಿನ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ನುಂಗುವವಳಲ್ಲ."

ಮಾರ್ಫಿನ್ ಬರುವುದು ಅಫೀಮಿನಿಂದ ಎಂದು ಶ್ರೀದೇವಿಗೆ ಗೊತ್ತಿತ್ತು. ಅಫೀಮಿನ ಗಿಡದ ಬೀಜವೇ ಗಸಗಸೆ. ನಿದ್ದೆ ಬರುತ್ತಿಲ್ಲ ಎಂದು ಮೊರಾಗ್ ಹೇಳಿದ್ದಕ್ಕೆ, ತವರಿನಲ್ಲಿ ಮಾಡುವಂತೆ ಅದನ್ನು ನುಣ್ಣಗೆ ಅರೆದು ಪಾಯಸ ಮಾಡಿ ಕೊಟ್ಟಿದ್ದಳು. ಇನ್ನೊಂದು ಬಟ್ಟಲು ಕುಡಿ ಎಂದು ಒತ್ತಾಯವನ್ನೂ ಮಾಡಿದ್ದಳು.

ಗಂಡ ಸುನಿಲಕುಮಾರ ಹಿಂದೆ ಬಂದು ನಿಂತ. ಕನ್ನಡದಲ್ಲಿ, ಮೆಲ್ಲಗೆ ಹೇಳಿದ:

"ಗಸಗಸಿ ಅಂತ ಬಾಯಿ ಬಿಟ್ಟಿ ನೋಡು. ದುಬೈ ಏರ್‌ಪೋರ್ಟ್‌ನ್ಯಾಗ ನಮ್ಮ ಗುರುಬಸಪ್ಪನ್ನ ಹಿಡಿದು ಒಳಗ ಹಾಕಿದ್ದು ಮರತಿಯೇನು? ಒಂದು ಪುಡಿಕಿ ಗಸಗಸಿಗೆ!"

"ಇದು ಜರ್ಮನಿ ರೀ. ಇಲ್ಲಿ ಬ್ರೆಡ್ಡಿನ ಮ್ಯಾಲೂ ಅದನ್ನ ಉದುರಸ್ತಾರ."

"ಬ್ರೆಡ್ ತಿಂದವರನ್ನ ಯಾರೂ ಕೇಳಂಗಿಲ್ಲ. ಮಾಡಿ ಕೊಟ್ಟಾಕಿ ನೀನು, ನಿನ್ನ ಕೇಳ್ತಾರ. ವೀಸಾ ರಿನ್ಯೂಗೆ ಹಾಕೀವಿ, ನೆನಪಿರಲಿ. ಬಾದಾಮಿ ಅನ್ನು."

ಮೊರಾಗ್ ಇಬ್ಬರ ಬಾಯನ್ನೂ ನೋಡುತ್ತಿದ್ದಳು.

"ಬಾದಾಮಿ," ಎಂದಳು ಶ್ರೀದೇವಿ. "ಬಾದಾಮಿ, ಹಾಲು, ಬೆಲ್ಲ."

ಮೊರಾಗ್ ಗೋಡೆಗೆ ಒರಗಿದಳು. "ಗಸಗಸೆ ಇದ್ದಿರಬಹುದು ಅಂತ ಆಸೆಯಿಂದ ಬಂದೆ. ತಿಳಿಯದೆ ತಿಂದೆ ಅಂತ ತೋರಿಸಿದರೆ ಪದಕ ಹೋದರೂ ನಿಷೇಧ ತಪ್ಪಿ ಓಟ ಉಳಿಯುತ್ತದೆ ಅಂದಿದ್ದರು ವಕೀಲರು. ಮುಂದಿನ ಬೇಸಿಗೆಗೆ ಸ್ಕಾಟ್ಲೆಂಡಿನ ಅಂಗಿ ಹಾಕಿಕೊಂಡು ಓಡಬೇಕಿತ್ತು. ಈಗ ನಾನು ಏನಂತ ಹೇಳಲಿ?"

ಅವಳೇ ಸುಮ್ಮನೆ ನಕ್ಕಳು. "ಗೆದ್ದ ದಿನ ಟಿವಿಯವರು ನನ್ನನ್ನು ಬ್ರಿಟನ್ನಿನ ಹುಡುಗಿ ಅಂದರು. ನಾಳೆ ಈ ಸುದ್ದಿ ಹೊರಬಿದ್ದಾಗ ನೋಡು, ಸ್ಕಾಟ್ಲೆಂಡಿನವಳು ಅಂತಾರೆ."

ಆಮೇಲೆ ಶ್ರೀದೇವಿಯ ಭುಜ ಮುಟ್ಟಿ, "ಪರವಾಗಿಲ್ಲ, ನೀನಾದರೂ ನಿಜ ಹೇಳಿದೆಯಲ್ಲ," ಎಂದು ಮೆಟ್ಟಿಲು ಹತ್ತತೊಡಗಿದಳು. ಒಂದೊಂದು ಮೆಟ್ಟಿಲಿಗೂ ಕಂಬಿ ಹಿಡಿದುಕೊಂಡು.

ಸುನಿಲಕುಮಾರ ಬಾಗಿಲು ತಳ್ಳಿದ. ಮುಚ್ಚಲಿಲ್ಲ. ಇನ್ನೊಮ್ಮೆ ಜೋರಾಗಿ ತಳ್ಳಿ, ಕೆಳಗೆ ನೋಡಿದ. ಸಂದಿಯಲ್ಲಿ ಶ್ರೀದೇವಿ ತನ್ನ ಬರಿಗಾಲನ್ನು ಇಟ್ಟಿದ್ದಳು.