ಐವತ್ತನಾಲ್ಕನೆಯ ನಿಮಿಷ

ಮೂರನೆಯ ಏಟಿಗೆ ಇಸ್ತ್ರಿಪೆಟ್ಟಿಗೆಯ ಹಿಡಿಯೇ ಮುರಿದು ಕೈಗೆ ಬಂತು. ಹೆಂಡತಿ ಅಡುಗೆಮನೆಯ ನೆಲಕ್ಕೆ ಬಿದ್ದಿದ್ದಳು. ತಲೆಯ ಸುತ್ತ ರಕ್ತ ಹರಡುತ್ತಿತ್ತು. ಕ್ಯಾಪ್ಟನ್ ಬಗ್ಗಿ ಅವಳ ಮೂಗಿನ ಬಳಿ ಬೆರಳಿಟ್ಟ. ಉಸಿರು ತಾಗಲಿಲ್ಲ.

ಅವಳದೇ ತಪ್ಪು ಎಂದುಕೊಂಡ. "ವಿಮಾನ ಹೋಗೋಕೆ ಹನ್ನೊಂದು ಗಂಟೆ, ಬರೋಕೆ ಒಂಬತ್ತೂವರೆ. ಮಧ್ಯದ ನಾಲ್ಕು ದಿನ ಎಲ್ಲಿರ್ತೀರಿ?" ಎಂದು ಕೇಳಿದ್ದಳು. ಆ ದೂರದ ಊರಿನಲ್ಲಿ ಅವನಿಗೆ ಇನ್ನೊಂದು ಸಂಸಾರವಿತ್ತು. ಎಲ್ಲರಿಗೂ ಹೇಳುತ್ತೇನೆ ಎಂದದ್ದಕ್ಕೆ ಮೊದಲ ಏಟು, ಕಿರುಚಿದ್ದಕ್ಕೆ ಎರಡನೆಯದು. ಮೂರನೆಯದು ಬರೀ ಸಿಟ್ಟಿಗೆ.

ಕೈ ತೊಳೆದು, ಬೇರೆ ಅಂಗಿ ತೊಟ್ಟು, ಬಾಗಿಲಿಗೆ ಬೀಗ ಜಡಿದು ಹೊರಟ. ಒಂಬತ್ತು ಸಾವಿರ ಕಿಲೋಮೀಟರ್ ಆಚೆ ಇಳಿದುಬಿಟ್ಟರೆ ಸಾಕು, ಸಮವಸ್ತ್ರ ಕಿತ್ತೆಸೆದು ಜನರ ನಡುವೆ ಮಾಯವಾಗಬಹುದು.

ವಿಮಾನ ನಿಲ್ದಾಣದ ಕಚೇರಿಯಲ್ಲಿ ಬೋಳುತಲೆಯ ಗುಮಾಸ್ತ ಕಾಗದ ಚಾಚಿದ. ದಾರಿ, ಗಾಳಿ, ಇಂಧನ ಎಲ್ಲ ಅದರಲ್ಲಿತ್ತು.

"ನಿಮ್ಮ ಮನೆಯವರು ಇವತ್ತು ಕೆಲಸಕ್ಕೆ ಬಂದಿಲ್ಲ ಸರ್, ಮೇಡಂ ಲೆಕ್ಕ ನಾನೇ ಹಾಕಿದ್ದೀನಿ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ತಪ್ಪಿಸಿದವರಲ್ಲ."

"ಮೈ ಹುಷಾರಿಲ್ಲ. ಎಬ್ಬಿಸೋಕೆ ಹೋಗಬೇಡಿ," ಎಂದು ಕ್ಯಾಪ್ಟನ್ ಸಹಿ ಹಾಕಿದ.

ಒಂಬತ್ತಕ್ಕೆ ವಿಮಾನ ನೆಲ ಬಿಟ್ಟಿತು. ಎದುರುಗಾಳಿ ಇತ್ತು; ವಾಪಸಾದರೆ ಅದೇ ಗಾಳಿ ಹಿಂದಿನಿಂದ ತಳ್ಳುತ್ತದೆ. ಕ್ಯಾಪ್ಟನ್ ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಐದು ಗಂಟೆ ಐವತ್ತನಾಲ್ಕು ನಿಮಿಷ ಹಾರುವವರೆಗೆ ಹಿಂತಿರುಗುವುದೇ ಬೇಗ. ನೆಲದವರು ಬಾ ಎಂದರೆ ಹೋಗಬೇಕು. ಆ ಗಡಿ ದಾಟಿದರೆ ಮುಂದಿನ ಊರೇ ಬೇಗ ಸಿಗುತ್ತದೆ. ಆಮೇಲೆ ಯಾರೂ ವಾಪಸ್ ಕರೆಯುವುದಿಲ್ಲ.

"ಬೆರಳಿಗೆ ಏನಾಯ್ತು ಸರ್?" ಎಂದು ಕೋ-ಪೈಲಟ್ ಕೇಳಿದ.

"ಇಸ್ತ್ರಿ ಮಾಡುವಾಗ."

ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಎನ್ನುತ್ತಾರೆ. ಈ ಪಾಪಿಯ ಕೆಳಗೆ ಮಾತ್ರ ಸಮುದ್ರ ಆಳವಾಗಿಯೇ ಇತ್ತು. ಹಾರತೊಡಗಿ ಐದು ಗಂಟೆ ದಾಟಿತು. ಐದೂವರೆಯೂ ಆಯಿತು. ಅವನಿಗೆ ಹಸಿವು ಕೂಡ ಆಗತೊಡಗಿತು.

ಐದು ಗಂಟೆ ನಲವತ್ತೆಂಟು ನಿಮಿಷ ಹಾರಿದ್ದಾಗ ನೆಲದಿಂದ ಕರೆ ಬಂತು. ಕೋ-ಪೈಲಟ್ ಕೇಳಿಸಿಕೊಂಡು ಕ್ಯಾಪ್ಟನ್ ಕಡೆ ತಿರುಗಿದ.

"ವಿಮಾನ ವಾಪಸ್ ತಿರುಗಿಸಬೇಕಂತೆ ಸರ್."

ಕ್ಯಾಪ್ಟನ್ ಅವನ ಕೈ ತಳ್ಳಿ, ತಾನೇ ಸ್ಪೀಕರ್ ಹಾಕಿ ಗದರಿದ. "ಏನ್ರೀ ಗುಮಾಸ್ತರೇ, ಗಾಳಿ ಬದಲಾಗಿದೆ. ಆ ಗಡಿ ಆಗಲೇ ದಾಟಿ ಆಯ್ತು. ಇನ್ನು ಮುಂದಕ್ಕೇ."

ಅತ್ತ ಕಡೆ ಯಾರೋ ಕಷ್ಟಪಟ್ಟು ಉಸಿರೆಳೆದುಕೊಂಡರು. ಬಳಿಕ ಹೊಲಿಗೆ ಹಾಕಿದ ತುಟಿಗಳಿಂದ ಒಂದು ಹೆಣ್ಣುದನಿ ನಿಧಾನವಾಗಿ ಬಂತು.

"ದಾಟಿಲ್ಲ, ಇನ್ನೂ ಆರು ನಿಮಿಷ ಇದೆ. ಗುಮಾಸ್ತರು ನನ್ನ ಹುಡುಕಿಕೊಂಡು ಬಂದು ಬೀಗ ಒಡೆಸಿದ್ರು. ಆಸ್ಪತ್ರೆಯಿಂದ ಸೀದಾ ನನ್ನ ಮೇಜಿಗೆ ಬಂದು ಲೆಕ್ಕ ಹಾಕಿದ್ದೀನಿ. ಪಕ್ಕದಲ್ಲೇ ಪೊಲೀಸರು ಕೂತಿದ್ದಾರೆ. ತಿರುಗಿಸ್ಕೊಂಡು ಮನೆಗೆ ಬನ್ನಿ, ರೀ."